ಅನುದಾನ ಉಂಟು, ನಮ್ಮ ಮಕ್ಕಳಿಗೆ ದಾರಿ ಎಲ್ಲಿ?

ಬಡ ಯುವಕ ಯುವತಿಯರಿಗೆ ಕೆಲಸ ಕಲಿಸಲೆಂದು ಸರಕಾರ ನೀಡುವ ಅನುದಾನ ಕಾಸರಗೋಡಿನ ಕನ್ನಡ ಮಕ್ಕಳನ್ನು ಮುಟ್ಟುತ್ತಿದೆಯೇ? ಹತ್ತನೆಯ ತರಗತಿಯ ಫಲಿತಾಂಶ ಬಂದಾಗಲೆಲ್ಲ ಈ ಪ್ರಶ್ನೆ ನಮ್ಮಂತಹ ಅಧ್ಯಾಪಕರನ್ನು ಕಾಡುತ್ತದೆ. ಮಲಯಾಳದ ಪ್ರಕಟಣೆಯೊಂದನ್ನು ಹಿಡಿದು ಬಂದು, "ಮಾಷ್ಟ್ರೇ, ಇದರಲ್ಲಿ ಏನು ಬರೆದಿದೆ?" ಎಂದು ಕೇಳುವ ಹಳೆಯ ವಿದ್ಯಾರ್ಥಿಗಳು ಕಡಿಮೆಯಿಲ್ಲ. ಎಷ್ಟೋ ಸಲ ಅರ್ಜಿಯ ಕೊನೆಯ ದಿನ ಅಷ್ಟರಲ್ಲಿ ಕಳೆದಿರುತ್ತದೆ.

2014ರಲ್ಲಿ ಆರಂಭವಾದ ದೀನದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ್ಯ ಯೋಜನೆಯನ್ನು ಉದಾಹರಣೆಯಾಗಿ ನೋಡೋಣ. ಕೇರಳದಲ್ಲಿ ಅದರ ಹೊಣೆ ಕುಟುಂಬಶ್ರೀಯ ಪಾಲಿಗೆ ಬಂತು. ಗ್ರಾಮೀಣ ಬಡ ಕುಟುಂಬಗಳ 15ರಿಂದ 35 ವರ್ಷದವರಿಗೆ ಉಚಿತ ತರಬೇತಿ. ಮಹಿಳೆಯರಿಗೂ ನಮ್ಮ ಕೊರಗರಂತಹ ಅತಿ ಹಿಂದುಳಿದ ಬುಡಕಟ್ಟಿನವರಿಗೂ 45ರ ತನಕ ಅವಕಾಶ. ಅರ್ಧ ಭಾಗ ಪರಿಶಿಷ್ಟ ಜಾತಿ, ಪಂಗಡಗಳಿಗೆ, ಶೇಕಡಾ 15 ಅಲ್ಪಸಂಖ್ಯಾತರಿಗೆ ಮೀಸಲು. ಆದರೆ ಇಲ್ಲಿ ಅಲ್ಪಸಂಖ್ಯಾತರೆಂದರೆ ಧರ್ಮದ ಲೆಕ್ಕದವರು. ಭಾಷೆಯ ಅಲ್ಪಸಂಖ್ಯಾತರಿಗೆ ಈ ಪಟ್ಟಿಯಲ್ಲಿ ಸ್ಥಾನವಿಲ್ಲ.

ಇನ್ನೊಂದು ಅಂಶವನ್ನೂ ಗಮನಿಸಬೇಕು. ತರಬೇತಿ ಪಡೆದವರಲ್ಲಿ ಶೇಕಡಾ 70 ಮಂದಿಗಾದರೂ ಕೆಲಸ ಕೊಡಿಸಬೇಕೆಂಬ ನಿಯಮವನ್ನು ಯೋಜನೆಯಲ್ಲಿ ಇಡಲಾಯಿತು. ತರಬೇತಿ ಸಂಸ್ಥೆಗೆ ಹಣ ಸಿಗುವುದು ಕಂತು ಕಂತಾಗಿ. ನಿಯಮವೇನೋ ಒಳ್ಳೆಯದೇ. ಆದರೆ ಬೇಗ ಕೆಲಸ ಸಿಗುವವರನ್ನೇ ಆರಿಸುವ ಪ್ರವೃತ್ತಿ ಅದರಿಂದ ಹುಟ್ಟುವುದು ಸಹಜ. ಮಲಯಾಳ ಓದಲು ಬಾರದ ಬೆಳ್ಳೂರಿನ, ಎಣ್ಮಕಜೆಯ ಹುಡುಗ ಆಗ ಹಿಂದೆ ಬೀಳುತ್ತಾನೆ. ಇದಕ್ಕೆ ಯಾರ ದ್ವೇಷವೂ ಬೇಕಿಲ್ಲ, ಲೆಕ್ಕಾಚಾರವೇ ಸಾಕು.

ಪರಿಹಾರ ಅಸಾಧ್ಯವಲ್ಲ. ಈ ಯೋಜನೆಯ ಪಾಠಗಳಲ್ಲಿ ಇಂಗ್ಲಿಷ್, ಕಂಪ್ಯೂಟರುಗಳಿಗೆ ಜಾಗ ಮಾಡಿಕೊಡಲಾಯಿತು. ಹಾಗೆಯೇ ಕನ್ನಡ ಮಾಧ್ಯಮದವರಿಗೆ ವ್ಯವಹಾರಕ್ಕೆ ಬೇಕಾದಷ್ಟು ಮಲಯಾಳ ಕಲಿಸಲು ಒಂದೆರಡು ತಿಂಗಳ ಖರ್ಚನ್ನು ಅನುದಾನದಲ್ಲೇ ಸೇರಿಸಬಹುದು. ಪ್ರಕಟಣೆ, ಅರ್ಜಿ ನಮೂನೆಗಳು ಕನ್ನಡದಲ್ಲೂ ಬರಲಿ. ಮಲಯಾಳ ಕಲಿತರೆ ಕನ್ನಡದ ಹೋರಾಟ ಸಡಿಲವಾದೀತೆಂದು ಅಂಜುವವರಿದ್ದಾರೆ. ಶಾಲೆಯ ಮಾಧ್ಯಮ ಬೇರೆ, ಹೊಟ್ಟೆಪಾಡಿನ ಭಾಷೆ ಬೇರೆ. ಮೊದಲನೆಯದನ್ನು ಬಿಟ್ಟುಕೊಡದೆ ಎರಡನೆಯದನ್ನು ಕಲಿಯುವುದರಲ್ಲಿ ತಪ್ಪೇನು?

ನಮ್ಮ ಲೋಪವೂ ಇದೆ. ಹತ್ತನೆಯದು ಮುಗಿದೊಡನೆ ಮಕ್ಕಳನ್ನು ಮಂಗಳೂರಿನ ಅಂಗಡಿಗೋ ಹೋಟೆಲಿಗೋ ಕಳುಹಿಸಿ ಸುಮ್ಮನಾಗುತ್ತೇವೆ. ಗ್ರಾಮಸಭೆಗೆ ಹೋಗುವುದಿಲ್ಲ, ಹೋದರೂ ಬಾಯಿ ಬಿಡುವುದಿಲ್ಲ. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕುಂದುಕೊರತೆಯ ಮನವಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಕೊಟ್ಟಿದೆ. ಮುಂದಿನ ಗ್ರಾಮಸಭೆಯಲ್ಲಿ ಮೂರು ಪ್ರಶ್ನೆಗಳನ್ನು ಕನ್ನಡದಲ್ಲೇ ಬರೆದು ಕೊಡೋಣ: ನಮ್ಮ ಪಂಚಾಯತಿನಿಂದ ಎಷ್ಟು ಮಂದಿ ತರಬೇತಿಗೆ ಹೋದರು? ಅವರಲ್ಲಿ ಕನ್ನಡ ಮಾಧ್ಯಮದವರೆಷ್ಟು? ಎಷ್ಟು ಮಂದಿ ಕೆಲಸದಲ್ಲಿ ಉಳಿದರು?

ಉತ್ತರ ಕೈಗೆ ಬಂದರೆ ಮುಂದಿನ ಬೇಡಿಕೆಗೆ ಆಧಾರ ಸಿಕ್ಕಿದಂತೆ. ಸಂಬಂಧಪಟ್ಟವರು ಗಮನ ಹರಿಸುವರೇ ಎಂದು ಕೇಳುವ ಮೊದಲು, ಸಂಬಂಧಪಟ್ಟವರಲ್ಲಿ ನಾವೂ ಸೇರಿದ್ದೇವೆ ಎಂಬುದನ್ನು ಹೆತ್ತವರು ಮರೆಯಬಾರದು.