ಪಟ್ಟಿಗೆ ಇನ್ನೊಂದು ಕಾಲಂ ಬೇಕು

ಬೆಳಗಾವಿ ಕಡೆಯ ಸಕ್ಕರೆ ಕಾರ್ಖಾನೆಗಳಲ್ಲಿ ಹಂಗಾಮು ಮುಗಿದು ಮಿಲ್ ನಿಂತ ಮೇಲೆ ಸ್ಟೋರಿಗೆ ಆಡಿಟ್‌ನವರ ಕಾಲ. ವರ್ಷಗಟ್ಟಲೆ ಇಶ್ಯೂ ಆಗದ ಬಿಡಿಭಾಗಗಳ ಪಟ್ಟಿ ಮಾಡಿ, ಮೇಲೆ ‘ನಾನ್‌ಮೂವಿಂಗ್’ ಎಂದು ಬರೆಯುತ್ತಾರೆ. ಮುಂದಿನ ದಾರಿ ಗುಜರಿಗೆ. ಸ್ಟೋರ್ ಕೀಪರ್ ಆಗಿಯೇ ನಿವೃತ್ತನಾದ ನನ್ನ ತಕರಾರು ಇಷ್ಟೇ: ಸಾಮಾನು ಎಷ್ಟು ಸಲ ಹೊರಗೆ ಹೋಯಿತು ಎಂಬುದು ಆ ಪಟ್ಟಿಯಲ್ಲಿದೆ, ಬೇಕಾದ ದಿನ ಇಲ್ಲದಿದ್ದರೆ ತರಿಸಲು ಎಷ್ಟು ಕಾಲ ಹಿಡಿಯುತ್ತದೆ ಎಂಬುದಿಲ್ಲ.

ಮಿಲ್‌ನ ಪಿನಿಯನ್ನನ್ನೇ ನೋಡಿ. ಹತ್ತು ವರ್ಷ ಮೂಲೆಯಲ್ಲಿ ಕೂತೇ ಇರಬಹುದು. ಜನವರಿಯಲ್ಲಿ ಒಂದು ಹಲ್ಲು ಮುರಿಯಿತೆನ್ನಿ, ಹೊಸದನ್ನು ಎರಕ ಹೊಯ್ದು, ಹಲ್ಲು ಕೊರೆದು ತರುವಷ್ಟರಲ್ಲಿ ಹಂಗಾಮೇ ಕಳೆದಿರುತ್ತದೆ. ಇತ್ತ ಗೇಟಿನ ಹೊರಗೆ ಕಬ್ಬಿನ ಟ್ರ್ಯಾಕ್ಟರುಗಳು. ಕಡಿದ ಕಬ್ಬು ಬಿಸಿಲಿಗೆ ಒಣಗಿ ತೂಕ ಇಳಿಯುತ್ತದೆ. ರೈತನಿಗೆ ಸಿಗುವುದು ತೂಕದ ಹಣ. ಪಿನಿಯನ್ ಮಾರಿ ಉಳಿಸಿದ ಬಡ್ಡಿ ಕಾರ್ಖಾನೆಯ ಪುಸ್ತಕದಲ್ಲಿ ಕಾಣುತ್ತದೆ, ಈ ನಷ್ಟ ಯಾವ ಪುಸ್ತಕದಲ್ಲೂ ಕಾಣುವುದಿಲ್ಲ.

ದುಡ್ಡು ಸುಮ್ಮನೆ ಕೂತಿದೆ ಎನ್ನುವವರು ತಮ್ಮದೇ ನಿಯಮ ತೆರೆದು ನೋಡಲಿ. ಕಂಪನಿಗಳಿಗೆ 2016ರಿಂದ ಜಾರಿಯಾದ ಪರಿಷ್ಕೃತ ಲೆಕ್ಕಪತ್ರ ಮಾನದಂಡ ಎಎಸ್-10ರ ಪ್ರಕಾರ, ವರ್ಷ ಮೀರಿ ಉಪಯೋಗಕ್ಕೆಂದು ಇಟ್ಟುಕೊಂಡ ದೊಡ್ಡ ಬಿಡಿಭಾಗವನ್ನು ಯಂತ್ರದ ಲೆಕ್ಕದಲ್ಲೇ ತೋರಿಸಿ ಸವಕಳಿ ಹಾಕಬಹುದು.

ಹಾಗಂತ ಆಡಿಟ್‌ನವರದು ಪೂರ್ತಿ ತಪ್ಪಲ್ಲ. 6205 ಬೇರಿಂಗ್ ಎಂದರೆ 25 ಮಿ.ಮೀ. ಶಾಫ್ಟಿನದು, ಯಾವ ಪೇಟೆಯಲ್ಲೂ ಸಿಗುತ್ತದೆ. ಅದನ್ನು ಪೆಟ್ಟಿಗೆಗಟ್ಟಲೆ ತುಂಬಿಡುತ್ತೇವೆ. ರಬ್ಬರ್ ಸೀಲ್ ಇದ್ದರೆ ಎಸ್‌ಕೆಎಫ್ ‘2ಆರ್‌ಎಸ್’ ಎನ್ನುತ್ತದೆ, ಎನ್‌ಎಸ್‌ಕೆ ‘ಡಿಡಿಯು’, ಎನ್‌ಟಿಎನ್ ‘ಎಲ್‌ಎಲ್‌ಯು’. ಕಂಪ್ಯೂಟರಿನಲ್ಲಿ ಅದು ಮೂರು ಸಾಮಾನು, ಮೂರಕ್ಕೂ ಬೇರೆ ಬೇರೆ ಇಂಡೆಂಟ್. ಗುಜರಿಗೆ ಹಾಕುವುದಿದ್ದರೆ ಮೊದಲು ಇಂಥ ಕೋಡ್‌ಗಳನ್ನು ಹಾಕಬೇಕು.

ಇಟ್ಟರೆ ಸಾಲದು, ಕೆಡದಂತೆಯೂ ಇಡಬೇಕು. ಕಂಪ್ರೆಸರ್ ಪಕ್ಕದ ರ‍್ಯಾಕಿನಲ್ಲಿಟ್ಟ ಬೇರಿಂಗ್ ಅದರ ಅದುರಾಟಕ್ಕೇ ಒಳಗೆ ಗುರುತು ಬೀಳಿಸಿಕೊಳ್ಳುತ್ತದೆ, ಹೊಸದಾಗಿಯೇ ಹಾಳು. ಮೊಳೆಗೆ ನೇತುಹಾಕಿದ ವಿ-ಬೆಲ್ಟಿಗೆ ಮಡಿಕೆ ಬೀಳುತ್ತದೆ. ಆಯಿಲ್ ಸೀಲಿನ ರಬ್ಬರ್ ವರ್ಷ ಕಳೆದಂತೆ ಗಟ್ಟಿಯಾಗುತ್ತದೆ. ದೊಡ್ಡ ಮೋಟಾರಿನ ಶಾಫ್ಟನ್ನು ಆಗಾಗ ಕೈಯಿಂದ ತಿರುಗಿಸದಿದ್ದರೆ ಭಾರವೆಲ್ಲ ಒಂದೇ ಕಡೆ ಬಿದ್ದು ಬೇರಿಂಗ್ ಕೆಡುತ್ತದೆ. ಈ ತಿರುಗಿಸುವ ಕೆಲಸ ಯಾರದೆಂದು ಕೇಳಿದರೆ ಸ್ಟೋರಿನವರು ಎಲೆಕ್ಟ್ರಿಕಲ್‌ನವರನ್ನು ತೋರಿಸುತ್ತಾರೆ, ಅವರು ಇವರನ್ನು.

ಆಫ್‌ಸೀಸನ್‌ನಲ್ಲಿ ಮಿಲ್ ಬಿಚ್ಚಿದಾಗ ಯಾವುದು ಎಷ್ಟು ಸವೆದಿದೆ ಎಂದು ನೋಡುವವನು ಫಿಟ್ಟರ್. ಪಟ್ಟಿ ಮಾಡುವ ದಿನ ಅವನನ್ನು ಯಾರೂ ಕರೆಯುವುದಿಲ್ಲ. ತರಿಸಲು ಹಿಡಿಯುವ ದಿನಗಳಿಗೆ ಪಟ್ಟಿಯಲ್ಲಿ ಒಂದು ಕಾಲಂ ಬರಲಿ, ಅದರ ಪಕ್ಕದಲ್ಲಿ ಹಿರಿಯ ಫಿಟ್ಟರ್‌ನ ಸಹಿ ಇರಲಿ. ಅಲ್ಲಿಯವರೆಗೆ ಗುಜರಿ ಲಾರಿಗೆ ಗೇಟ್‌ಪಾಸ್ ಕೊಡಬೇಡಿ.