ಪರರ ಹಾಡನ್ನು ನುಡಿಸುವುದು

ಡೊಂಬಿವಲಿ, ಕಲ್ಯಾಣಗಳಲ್ಲಿ ನಡೆಯುವ ನಮ್ಮ ಕರಾವಳಿಯವರ ಮದುವೆಗಳಲ್ಲಿ ಸ್ಯಾಕ್ಸೊಫೋನ್ ಇಲ್ಲದಿದ್ದರೆ ಏನೋ ಕೊರತೆ. ಮುಹೂರ್ತಕ್ಕೆ ಕೀರ್ತನೆ, ಊಟದ ಪಂಕ್ತಿ ಕೂರುವಷ್ಟರಲ್ಲಿ ಸಿನಿಮಾ ಹಾಡು. ಈಚೆಗೆ ಅಂಥದೊಂದು ಮದುವೆಯಲ್ಲಿ ಪಕ್ಕದಲ್ಲಿ ಕುಳಿತಿದ್ದ ಹಿರಿಯರು, "ಇಷ್ಟು ಹೊತ್ತು ವಿದ್ವಾಂಸ, ಈಗ ಬರೀ ಬ್ಯಾಂಡಿನವನು ನೋಡಿ" ಎಂದರು. ಎಲೆಯ ಮುಂದೆ ವಾದ ಬೇಡವೆಂದು ಸುಮ್ಮನಾದೆ. ಆದರೆ ಆ ಮಾತು ನನಗೆ ಒಪ್ಪಿಗೆಯಿಲ್ಲ.

ರುದ್ರೇಶ ಮಹಾಂತಪ್ಪನವರ 'ಹೀರೋ ಟ್ರಿಯೋ'ವನ್ನು ಕೇಳಿದ ಮೇಲಂತೂ ಇಲ್ಲ. ಕರ್ನಾಟಕದಿಂದ ವಲಸೆ ಹೋದ ಮನೆತನದ ಇವರು 1971ರಲ್ಲಿ ಇಟಲಿಯ ಟ್ರಿಯೆಸ್ಟೆಯಲ್ಲಿ ಹುಟ್ಟಿ, ಅಮೆರಿಕದ ಕೊಲೊರಾಡೊದಲ್ಲಿ ಬೆಳೆದ ಜಾಝ್ ವಾದಕರು. ವಿದ್ಯಾರ್ಥಿಯಾಗಿದ್ದಾಗ ಸಹೋದರ ತಮಾಷೆಗೆಂದು ಕೊಟ್ಟ ಒಂದು ಧ್ವನಿಮುದ್ರಿಕೆಯಿಂದ ನಮ್ಮ ಕದ್ರಿ ಗೋಪಾಲನಾಥರನ್ನು ಅರಿತರು. 2008ರ 'ಕಿನ್ಸ್‌ಮೆನ್'ನಲ್ಲಿ ಅವರೊಂದಿಗೇ ನುಡಿಸಿದರು. ಸ್ವಂತ ರಚನೆಗಳಿಂದ ಹೆಸರಾದ ಈ ಮನುಷ್ಯ, 2020ರ 'ಹೀರೋ ಟ್ರಿಯೋ'ದಲ್ಲಿ ತಮ್ಮದೊಂದನ್ನೂ ಸೇರಿಸಲಿಲ್ಲ. ಗುರುಸಮಾನರಾದ ಚಾರ್ಲಿ ಪಾರ್ಕರ್, ಆರ್ನೆಟ್ ಕೋಲ್ಮನ್ ಇದ್ದಾರೆ, ಸರಿ. ಅವರ ಪಂಕ್ತಿಯಲ್ಲೇ ಸ್ಟೀವಿ ವಂಡರ್ ಅವರ ಪಾಪ್ ಗೀತೆ, ಜಾನಿ ಕ್ಯಾಶ್ ಹಾಡಿ ಮನೆಮಾತಾಗಿಸಿದ 'ರಿಂಗ್ ಆಫ್ ಫೈರ್' ಕೂಡ ಕುಳಿತಿವೆ.

ಈ ತ್ರಿವಳಿಯಲ್ಲಿ ಪಿಯಾನೊ ಇಲ್ಲ, ಗಿಟಾರ್ ಇಲ್ಲ. ಫ್ರಾಂಸ್ವಾ ಮೂತಾನರ ಬಾಸ್, ರೂಡಿ ರಾಯ್‌ಸ್ಟನ್ನರ ಡ್ರಮ್ಸ್, ಅಷ್ಟೆ. ಸ್ವರಮೇಳದ ಮೆತ್ತೆಯಿಲ್ಲದ ಕಡೆ ಪರಿಚಿತ ಹಾಡು ಬೆತ್ತಲೆಯಾಗಿ ನಿಲ್ಲುತ್ತದೆ. ಪದಗಳೂ ಇಲ್ಲ. ಎಲ್ಲರ ಕಿವಿಯಲ್ಲೂ ಮೂಲ ಹಾಡು ಮೊದಲೇ ಇರುವುದರಿಂದ, ವಾದಕ ಎಲ್ಲಿ ತಡೆದ, ಎಲ್ಲಿ ತಿರುಗಿಸಿದ, ಎಲ್ಲಿ ಸುಮ್ಮನೆ ಬಿಟ್ಟ ಎಂಬುದು ಸಾಮಾನ್ಯ ಕೇಳುಗನಿಗೂ ತಿಳಿದುಬಿಡುತ್ತದೆ. ಅಪರಿಚಿತ ರಚನೆಯ ಮರೆಯಲ್ಲಿ ಅಡಗಬಹುದು. ಇಲ್ಲಿ ಅಡಗುವ ಜಾಗವಿಲ್ಲ. ಜಾಝ್ ಈ ಪರೀಕ್ಷೆಯನ್ನು ಎಂದೂ ಕೀಳೆಂದು ತಿಳಿದಿಲ್ಲ. ಜಾನ್ ಕೋಲ್ಟ್ರೇನ್ 1961ರಲ್ಲಿ 'ಮೈ ಫೇವರಿಟ್ ಥಿಂಗ್ಸ್' ಧ್ವನಿಮುದ್ರಿಕೆಯನ್ನು ಹೊರತಂದಾಗ ಆ ಹಾಡು ರಂಗಮಂಚದ ಜನಪ್ರಿಯ ಸರಕೇ ಆಗಿತ್ತು.

(ಮಹಾಂತಪ್ಪನವರನ್ನು 'ನಮ್ಮವರು' ಎಂದು ಎಳೆದುಕೊಳ್ಳುವ ಚಪಲ ನನಗೂ ಇದೆ. ಹೊರನಾಡಿನವರ ಹಳೆಯ ಕಾಯಿಲೆ ಅದು, ಕ್ಷಮೆಯಿರಲಿ.)

ಠಾಣೆಯಿಂದ ನವಿ ಮುಂಬಯಿಯವರೆಗಿನ ನಮ್ಮ ಎಷ್ಟೋ ಮನೆಗಳಲ್ಲಿ ಮಕ್ಕಳು ಮರಾಠಿ, ಹಿಂದಿ, ಇಂಗ್ಲಿಷುಗಳಲ್ಲಿ ಬೆಳೆಯುತ್ತಿದ್ದಾರೆ. ಅವರ ಪಾಲಿಗೆ ಕನ್ನಡವೆಂದರೆ ಬಹಳಷ್ಟು ಮಟ್ಟಿಗೆ ಸಿನಿಮಾ ಹಾಡೇ. ಆ ಹಾಡನ್ನೇ ಬ್ಯಾಂಡಿನದೆಂದು ತಳ್ಳಿದರೆ ಅವರ ಕೈಯಲ್ಲಿ ಉಳಿಯುವುದೇನು? ಮುಂದಿನ ರಾಜ್ಯೋತ್ಸವಕ್ಕೆ ನಮ್ಮ ಸಂಘಗಳು ಸ್ಯಾಕ್ಸೊಫೋನ್ ವಾದಕರನ್ನು ಕರೆಸುವುದಾದರೆ, 'ಕೊನೆಯಲ್ಲಿ ಬೇಕಾದರೆ ಒಂದೆರಡು ಲಘು ಹಾಡು' ಎಂಬ ಷರತ್ತನ್ನು ಕೈಬಿಡಲಿ. ಆಹ್ವಾನಪತ್ರಿಕೆಯಲ್ಲಿ ಕೀರ್ತನೆಗೆ ವಾಗ್ಗೇಯಕಾರರ ಹೆಸರು ಹಾಕುವಂತೆ ಸಿನಿಮಾ ಹಾಡಿಗೂ ಸಂಗೀತ ನಿರ್ದೇಶಕರ ಹೆಸರು ಅಚ್ಚಾಗಲಿ. ನುಡಿಸಲು ಹತ್ತು ನಿಮಿಷವಾದರೂ ಸಿಗಲಿ, ಊಟದ ಗದ್ದಲ ಶುರುವಾಗುವ ಮೊದಲು.