ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು

2022ರ ಮೇ ತಿಂಗಳಿನಲ್ಲಿ ಅಮೆರಿಕದಲ್ಲಿ ಒಂದು ಸಾಕ್ಷ್ಯಚಿತ್ರ ಬಿಡುಗಡೆಯಾಯಿತು. ಅದರ ಹೆಸರು ‘2000 ಮ್ಯೂಲ್ಸ್’. ಮ್ಯೂಲ್ ಎಂದರೆ ಹೇಸರಗತ್ತೆ. ಹಣದ ಆಸೆಗೆ ಕಳ್ಳಮಾಲನ್ನು ಹೊತ್ತು ಸಾಗಿಸುವವರನ್ನು ಆ ದೇಶದ ಆಡುಮಾತಿನಲ್ಲಿ ಹಾಗೆ ಕರೆಯುತ್ತಾರೆ. 2020ರ ಅಧ್ಯಕ್ಷೀಯ ಚುನಾವಣೆಯಲ್ಲಿ ಇಂತಹ ಎರಡು ಸಾವಿರ ಕೂಲಿಯಾಳುಗಳು ಅಕ್ರಮ ಮತಪತ್ರಗಳನ್ನು ಪೆಟ್ಟಿಗೆಗಳಿಗೆ ತುಂಬಿದರು, ಡೊನಾಲ್ಡ್ ಟ್ರಂಪ್ ಸೋತು ಜೋ ಬೈಡನ್ ಗೆದ್ದದ್ದು ಅದರಿಂದಲೇ ಎಂಬುದು ಚಿತ್ರದ ವಾದ. ನಿರ್ದೇಶಕರಾದ ದಿನೇಶ್ ಡಿಸೋಜಾ ಮುಂಬಯಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದವರು. ಚುನಾವಣಾ ದೇಣಿಗೆಯ ಕಾನೂನನ್ನು ಮುರಿದುದಾಗಿ 2014ರಲ್ಲಿ ಅವರು ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡಿದ್ದರು. 2018ರಲ್ಲಿ ಅಧ್ಯಕ್ಷ ಟ್ರಂಪ್ ಅವರಿಂದ ಕ್ಷಮಾದಾನ ದೊರೆಯಿತು. ಆದರೆ ವಾದವನ್ನು ತೂಗಬೇಕಾದುದು ವಾದಿಯ ಪೂರ್ವಚರಿತ್ರೆಯಿಂದಲ್ಲ. ಆದ್ದರಿಂದ ಆ ಸಂಗತಿಯನ್ನು ಇಲ್ಲಿಗೇ ಬಿಟ್ಟು ವಾದವನ್ನಷ್ಟೇ ಪರಿಶೀಲಿಸೋಣ.

ಚುನಾವಣೆಯೇ ಕಳವಾಗಿದೆ ಎಂಬುದು ಸಾಮಾನ್ಯ ಆರೋಪವಲ್ಲ. ಅದು ನಿಜವಾಗಿದ್ದರೆ ಪ್ರಜೆಗಳ ಒಡೆತನವನ್ನೇ ಯಾರೋ ಕಿತ್ತುಕೊಂಡಂತೆ. ಸುಳ್ಳಾಗಿದ್ದರೆ, ಆರೋಪ ಮಾಡಿದವರೇ ಪ್ರಜೆಗಳ ನಂಬಿಕೆಯನ್ನು ಕದ್ದಂತೆ. ಎರಡರಲ್ಲಿ ಯಾವುದೆಂದು ನಿರ್ಣಯಿಸಲು ಆಧಾರ ಬೇಕು. ಈ ಚಿತ್ರ ಮುಂದಿಟ್ಟ ಆಧಾರಗಳು ಎರಡು: ಮೊಬೈಲ್ ಫೋನುಗಳು ಎಲ್ಲೆಲ್ಲಿ ಓಡಾಡಿದವು ಎಂಬ ಮಾಹಿತಿ, ಮತ್ತು ಮತಪೆಟ್ಟಿಗೆಗಳ ಬಳಿಯ ಕ್ಯಾಮೆರಾಗಳಲ್ಲಿ ಸೆರೆಯಾದ ದೃಶ್ಯಗಳು.

ಅಲ್ಲಿನ ಪದ್ಧತಿಯನ್ನು ಸ್ವಲ್ಪ ಅರಿಯದೆ ಇದು ತಿಳಿಯುವುದಿಲ್ಲ. ಮತಗಟ್ಟೆಗೆ ಹೋಗದೆ ಮನೆಯಲ್ಲಿಯೇ ಮತಪತ್ರವನ್ನು ತುಂಬಿ, ಲಕೋಟೆಯಲ್ಲಿಟ್ಟು, ಮೇಲೆ ಸಹಿ ಮಾಡಿ ಕಳುಹಿಸುವ ಅವಕಾಶ ಅಮೆರಿಕದ ಬಹುತೇಕ ರಾಜ್ಯಗಳಲ್ಲಿದೆ. ಅಂಚೆಗೆ ಹಾಕಬಹುದು, ಇಲ್ಲವೇ ಅಧಿಕಾರಿಗಳು ಇರಿಸಿದ ಡ್ರಾಪ್ ಬಾಕ್ಸ್ ಎಂಬ ಪೆಟ್ಟಿಗೆಗೆ ಹಾಕಬಹುದು. ಕೊರೋನಾ ಕಾಲದಲ್ಲಿ ನಡೆದ ಆ ಚುನಾವಣೆಯಲ್ಲಿ ಹೀಗೆ ಮತ ಚಲಾಯಿಸಿದವರು ಕೋಟಿಗಟ್ಟಲೆ. ಲಕೋಟೆಯ ಮೇಲೆ ಮತದಾರರ ವಿವರ ಇರುತ್ತದೆ. ಅವರು ಪಟ್ಟಿಯಲ್ಲಿದ್ದಾರೆಯೇ, ಈಗಾಗಲೇ ಮತ ಹಾಕಿದ್ದಾರೆಯೇ ಎಂದು ನೋಡಿದ ಮೇಲೆಯೇ ಒಳಗಿನ ಮತಪತ್ರ ಎಣಿಕೆಗೆ ಹೋಗುತ್ತದೆ. 2020ರಲ್ಲಿ ಜಾರ್ಜಿಯಾದಂತಹ ರಾಜ್ಯಗಳಲ್ಲಿ ಸಹಿಯನ್ನೂ ತಾಳೆ ನೋಡುತ್ತಿದ್ದರು. ಅಂದಮೇಲೆ ಲಕೋಟೆಯನ್ನು ಪೆಟ್ಟಿಗೆಗೆ ಹಾಕಿದವರು ಯಾರೇ ಆಗಿರಲಿ, ಅಷ್ಟರಿಂದಲೇ ಒಂದು ಸುಳ್ಳು ಮತ ಹುಟ್ಟಿಕೊಳ್ಳುವುದಿಲ್ಲ. ಚಿತ್ರ ಈ ಮಾತನ್ನು ತಡವಿಕೊಂಡೇ ಇಲ್ಲ.

ಅದರ ಲೆಕ್ಕಾಚಾರವನ್ನು ನೋಡಿ. ಟೆಕ್ಸಾಸ್‌ನ ‘ಟ್ರೂ ದಿ ವೋಟ್’ ಎಂಬ ಸಂಸ್ಥೆ ಐದು ರಾಜ್ಯಗಳ ಫೋನುಗಳ ಸ್ಥಳಮಾಹಿತಿಯನ್ನು ಖರೀದಿಸಿತು. ಹತ್ತು ಅಥವಾ ಹೆಚ್ಚು ಬಾರಿ ಡ್ರಾಪ್ ಬಾಕ್ಸ್‌ಗಳ ಸಮೀಪ, ಐದು ಅಥವಾ ಹೆಚ್ಚು ಬಾರಿ ಕೆಲವು ಸೇವಾಸಂಸ್ಥೆಗಳ ಸಮೀಪ ಸುಳಿದಾಡಿದ ಫೋನುಗಳ ಒಡೆಯರೆಲ್ಲ ‘ಹೇಸರಗತ್ತೆಗಳು’ ಎಂದು ಗೊತ್ತುಪಡಿಸಿತು. ಅಂಥವರು 2,000 ಮಂದಿ, ಒಬ್ಬೊಬ್ಬರೂ ಸರಾಸರಿ 38 ಬಾರಿ ಹೋದರು, ಹೋದಾಗಲೆಲ್ಲ 5 ಮತಪತ್ರ ಹಾಕಿದರು, ಒಟ್ಟು 3,80,000 ಅಕ್ರಮ ಮತಗಳು! ಗುಣಾಕಾರದಲ್ಲಿ ತಪ್ಪಿಲ್ಲ. ಆದರೆ ಆ 5 ಎಂಬ ಅಂಕಿಯನ್ನು ಎಣಿಸಿದವರು ಯಾರು? ಅಷ್ಟು ಸಾಲದೆಂಬಂತೆ ಅಳತೆಗೋಲನ್ನು ಸಡಿಲಿಸಿ, ಹೇಸರಗತ್ತೆಗಳ ಸಂಖ್ಯೆಯನ್ನು 54,000ಕ್ಕೆ ಏರಿಸಿ ತೋರಿಸಲಾಯಿತು.

ನಮ್ಮ ತರ್ಕಶಾಸ್ತ್ರದಲ್ಲಿ ಹೊಗೆ ಮತ್ತು ಬೆಂಕಿಯ ನಿದರ್ಶನ ಪ್ರಸಿದ್ಧವಾದುದು. ದೂರದ ಬೆಟ್ಟದ ಮೇಲೆ ಹೊಗೆ ಕಂಡು ಅಲ್ಲಿ ಬೆಂಕಿಯಿದೆ ಎಂದು ಊಹಿಸುವುದು ಅನುಮಾನ ಪ್ರಮಾಣ. ಆದರೆ ಕೆರೆಯ ಮೇಲೆದ್ದ ಮಂಜನ್ನು ಹೊಗೆಯೆಂದು ಬಗೆದು ಬೆಂಕಿ ಆರಿಸಲು ಕೊಡ ಹೊತ್ತು ಓಡಿದರೆ ಅದು ಹೇತ್ವಾಭಾಸ, ಕಾರಣದಂತೆ ತೋರುವ ಅಕಾರಣ. ಡ್ರಾಪ್ ಬಾಕ್ಸ್‌ಗಳನ್ನು ಇರಿಸುವುದು ಕಾಡಿನಲ್ಲಲ್ಲ. ಗ್ರಂಥಾಲಯದ ಮುಂದೆ, ಸರ್ಕಾರಿ ಕಚೇರಿಯ ಮುಂದೆ, ಜನನಿಬಿಡ ಬೀದಿಗಳಲ್ಲಿ. ಫೋನಿನ ಸ್ಥಳಮಾಹಿತಿಯಾದರೋ ಹಲವು ಮೀಟರುಗಳಷ್ಟು ಅತ್ತಿತ್ತ ಆಗುವಂಥದು. ಪಾರ್ಸೆಲ್ ಹಂಚುವವನು, ಟ್ಯಾಕ್ಸಿ ಓಡಿಸುವವನು, ಅಲ್ಲಿಯೇ ಕಾಯಕ ಮಾಡುವವಳು ದಿನಕ್ಕೆ ಎಷ್ಟು ಬಾರಿ ಆ ಪೆಟ್ಟಿಗೆಯ ಮುಂದೆ ಹಾದುಹೋಗಬಹುದು? ಟ್ರಂಪ್ ಅವರ ಆಡಳಿತದಲ್ಲಿಯೇ ಅಟಾರ್ನಿ ಜನರಲ್ ಆಗಿದ್ದ ವಿಲಿಯಂ ಬಾರ್ ಈ ಚಿತ್ರದ ವಿಷಯ ಬಂದಾಗ ಸಂಸತ್ತಿನ ವಿಚಾರಣಾ ಸಮಿತಿಯೆದುರು ನಕ್ಕೇಬಿಟ್ಟರು. ಅವರ ಆಕ್ಷೇಪವೂ ಇದೇ ಆಗಿತ್ತು.

ಜಾರ್ಜಿಯಾ ರಾಜ್ಯದ ತನಿಖಾ ಸಂಸ್ಥೆಯು ಚಿತ್ರ ಬರುವ ಮೊದಲೇ, 2021ರಲ್ಲಿ, ಈ ಫೋನ್ ಮಾಹಿತಿಯನ್ನು ನೋಡಿ, ಅಪರಾಧಕ್ಕೆ ಸಂಬಂಧ ಕಲ್ಪಿಸುವ ಬೇರಾವ ಸಾಕ್ಷ್ಯವೂ ಇಲ್ಲವೆಂದು ಹೇಳಿತ್ತು. ಆ ರಾಜ್ಯದ ಚುನಾವಣಾ ಮಂಡಳಿ ಅಷ್ಟಕ್ಕೇ ಸುಮ್ಮನಾಗಲಿಲ್ಲ. ಹಣ ಪಡೆದವರು ಯಾರು, ಕೊಟ್ಟವರು ಯಾರು, ನಿಮಗೆ ತಿಳಿಸಿದವರು ಯಾರು, ಹೆಸರು ಕೊಡಿ ಎಂದು ಟ್ರೂ ದಿ ವೋಟ್ ಸಂಸ್ಥೆಯನ್ನು ಕೇಳಿತು. ಸಂಸ್ಥೆ ತನ್ನ ದೂರನ್ನೇ ಹಿಂದಕ್ಕೆ ಪಡೆಯಲು ಮುಂದಾಯಿತು! ಮಂಡಳಿ ಒಪ್ಪದೆ ನ್ಯಾಯಾಲಯಕ್ಕೆ ಹೋಯಿತು. ನ್ಯಾಯಾಧೀಶರ ಆದೇಶವಾದ ಬಳಿಕ 2024ರ ಫೆಬ್ರವರಿಯಲ್ಲಿ ಹೊರಬಿದ್ದ ಉತ್ತರವೆಂದರೆ, ಅಂತಹ ಹೆಸರುಗಳಾಗಲೀ ದಾಖಲೆಗಳಾಗಲೀ ತಮ್ಮ ಬಳಿ ಇಲ್ಲ ಎಂಬುದು.

ಹನ್ನೆರಡನೆಯ ಶತಮಾನದ ಕಲ್ಯಾಣಕ್ಕೆ ಅಕ್ಕಮಹಾದೇವಿ ಬಂದಾಗ ಅಲ್ಲಮಪ್ರಭುಗಳು ಆಕೆಯನ್ನು ಒಮ್ಮೆಗೇ ಒಳಗೆ ಕರೆದುಕೊಳ್ಳಲಿಲ್ಲವೆಂಬ ಪ್ರಸಂಗವನ್ನು ನಮ್ಮ ಭಕ್ತರೆಲ್ಲರೂ ಬಲ್ಲರು. ಕಠಿಣವಾದ ಪ್ರಶ್ನೆಗಳನ್ನು ಒಂದರ ಮೇಲೊಂದರಂತೆ ಹಾಕಿದರು. ಅಕ್ಕ ಸಿಟ್ಟಾಗಲಿಲ್ಲ, ಹಿಂದೆಗೆಯಲೂ ಇಲ್ಲ, ಒಂದೊಂದಕ್ಕೂ ಉತ್ತರಿಸಿದಳು. ಸತ್ಯ ತನ್ನಲ್ಲಿದೆಯೆಂದು ಬಲ್ಲವರಿಗೆ ಪ್ರಶ್ನೆ ಹಗೆಯಲ್ಲ. ದೇಶದ ತೆರೆತೆರೆಯ ಮೇಲೆ ಕೂಗಿ ಹೇಳಿದ್ದನ್ನು ಒಬ್ಬ ನ್ಯಾಯಾಧೀಶರ ಮುಂದೆ ಮೆಲುದನಿಯಲ್ಲಿಯೂ ಹೇಳಲಾಗಲಿಲ್ಲವೆಂದರೆ ಏನೆನ್ನೋಣ?

ಹಾಗೆಂದು ಚುನಾವಣೆಯ ಬಗ್ಗೆ ಸಂದೇಹಪಡುವುದೇ ತಪ್ಪೆಂದು ಯಾರೂ ಭಾವಿಸಬಾರದು. ನಮ್ಮ ಕಲಬುರಗಿ ಜಿಲ್ಲೆಯ ಆಳಂದದಲ್ಲಿ ನಡೆದುದನ್ನೇ ನೋಡಿ. 2023ರ ವಿಧಾನಸಭಾ ಚುನಾವಣೆಗೆ ಮೊದಲು ಮತದಾರರ ಹೆಸರು ತೆಗೆದುಹಾಕುವಂತೆ ಕೋರಿ ಆನ್‌ಲೈನ್ ಮೂಲಕ 6,018 ಅರ್ಜಿಗಳು ಬಂದವು. ಅಲ್ಲಿ ಶಂಕೆಗೆ ಕೈಕಾಲುಗಳಿದ್ದವು: ಅರ್ಜಿಗಳಿದ್ದವು, ಹೆಸರುಗಳಿದ್ದವು. ಪರಿಶೀಲಿಸಿದಾಗ ಸರಿಯಾಗಿದ್ದ ಅರ್ಜಿಗಳು ಕೇವಲ 24. ಉಳಿದವು ತಿರಸ್ಕೃತವಾದವು, ಸ್ಥಳೀಯ ಚುನಾವಣಾ ಅಧಿಕಾರಿಯೇ 2023ರ ಫೆಬ್ರವರಿಯಲ್ಲಿ ಪೊಲೀಸರಿಗೆ ದೂರು ಕೊಟ್ಟರು. ಈ ಅಂಕಿಗಳನ್ನು ಚುನಾವಣಾ ಆಯೋಗವೂ ಒಪ್ಪಿದೆ. ಇದರ ಹಿಂದಿನ ಕೈ ಯಾವುದೆಂಬ ಬಗ್ಗೆ ಪಕ್ಷಗಳು ಹೇಳುವುದು ಬೇರೆ ಬೇರೆ; ಆ ಜಗಳದಲ್ಲಿ ಮಠಕ್ಕೆ ಕೆಲಸವಿಲ್ಲ. ಪರೀಕ್ಷೆಗೆ ಒಡ್ಡಿಕೊಳ್ಳುವ ಸಂದೇಹಕ್ಕೂ ಪರೀಕ್ಷೆಯಿಂದ ತಪ್ಪಿಸಿಕೊಳ್ಳುವ ಸಂದೇಹಕ್ಕೂ ಇರುವ ಅಂತರವನ್ನು ಕಾಣಿಸಲು ಇದನ್ನು ಹೇಳಿದೆವು. ಅಮೆರಿಕದಲ್ಲಿಯೂ ಪರೀಕ್ಷೆ ನಡೆಯದೇ ಇರಲಿಲ್ಲ. ಜಾರ್ಜಿಯಾದಲ್ಲಿ ಸುಮಾರು 50 ಲಕ್ಷ ಮತಪತ್ರಗಳನ್ನು ಕೈಯಿಂದಲೇ ಎಣಿಸಿದರು. ಬೈಡನ್ ಅವರ ಗೆಲುವು ಉಳಿಯಿತು. ಅರಿಜೋನಾದ ಮ್ಯಾರಿಕೋಪಾ ಕೌಂಟಿಯಲ್ಲಿ ಟ್ರಂಪ್ ಪಕ್ಷದವರೇ ನೇಮಿಸಿದ ಕಂಪನಿ ತಿಂಗಳುಗಟ್ಟಲೆ ಎಣಿಸಿ, ಬೈಡನ್ ಅವರಿಗೆ ಮೊದಲಿಗಿಂತ 99 ಮತ ಹೆಚ್ಚೆಂದೂ ಟ್ರಂಪ್ ಅವರಿಗೆ 261 ಮತ ಕಡಿಮೆಯೆಂದೂ ವರದಿ ಕೊಟ್ಟಿತು.

ಈ ಅಂಕಿಸಂಖ್ಯೆಗಳೆಲ್ಲದರ ನಡುವೆ ನಮ್ಮ ಮನಸ್ಸನ್ನು ಬಹಳವಾಗಿ ಕಲಕಿದವನು ಒಬ್ಬ ಗೃಹಸ್ಥ. ಜಾರ್ಜಿಯಾದ ಕಪ್ಪುಜನಾಂಗದವನು. ಆತ ತನ್ನ ಕಾರಿನಲ್ಲಿ ಬಂದು ಡ್ರಾಪ್ ಬಾಕ್ಸ್‌ಗೆ ಐದು ಲಕೋಟೆಗಳನ್ನು ಹಾಕಿದ: ತನ್ನದು, ಹೆಂಡತಿಯದು, ವಯಸ್ಸಿಗೆ ಬಂದ ಮೂವರು ಮಕ್ಕಳದು. ಒಂದೇ ಮನೆಯವರ ಮತಪತ್ರಗಳನ್ನು ಒಬ್ಬರು ತಂದು ಹಾಕಲು ಆ ರಾಜ್ಯದ ಕಾನೂನಿನಲ್ಲಿ ಅನುಮತಿಯಿದೆ. ಆ ದೃಶ್ಯವನ್ನು ಚಿತ್ರದಲ್ಲಿ ಬಳಸಿಕೊಂಡು, ನೀವು ನೋಡುತ್ತಿರುವುದು ಅಪರಾಧ ಎಂಬರ್ಥದ ಮಾತನ್ನು ಹಿನ್ನೆಲೆಯಲ್ಲಿ ಸೇರಿಸಿದರು. ಚಿತ್ರದಲ್ಲಿ ಮುಖ ಮಸುಕಾಗಿತ್ತು. ಪ್ರಚಾರದ ಕಾರ್ಯಕ್ರಮಗಳಲ್ಲಿ ಅದೂ ಇರಲಿಲ್ಲವೆಂದು ಆತ ದಾವೆಯಲ್ಲಿ ಹೇಳಿದ್ದಾನೆ. ರಾಜ್ಯದ ತನಿಖಾಧಿಕಾರಿಗಳು ವಿಚಾರಿಸಿ, ಇದರಲ್ಲಿ ಅಕ್ರಮವೇನೂ ಇಲ್ಲವೆಂದು ಚಿತ್ರ ಬಂದ ತಿಂಗಳಿನಲ್ಲಿಯೇ ಸಾರ್ವಜನಿಕವಾಗಿ ಸ್ಪಷ್ಟಪಡಿಸಿದರು. ಆದರೂ ಪ್ರದರ್ಶನ ನಿಲ್ಲಲಿಲ್ಲ. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಕಪ್ಪುಜನರು ನಿರ್ಭಯವಾಗಿ ಮತ ಹಾಕಲು 1965ರ ಮತದಾನ ಹಕ್ಕು ಕಾಯ್ದೆಯವರೆಗೆ ಕಾಯಬೇಕಾಯಿತು. ಅದಕ್ಕಾಗಿ ಪೆಟ್ಟು ತಿಂದವರೂ ಪ್ರಾಣ ತೆತ್ತವರೂ ಅನೇಕರು. ಅಂತಹ ನೆಲದಲ್ಲಿ, ಮನೆಮಂದಿಯ ಮತವನ್ನು ಜೋಪಾನವಾಗಿ ತಂದು ಹಾಕಿದ ತಂದೆಗೆ ಕಳ್ಳನೆಂಬ ಪಟ್ಟ. ಬಸವಣ್ಣನವರು ಹುಸಿಯನ್ನು ಕಳವು ಕೊಲೆಗಳ ಪಕ್ಕದಲ್ಲಿಯೇ ಇರಿಸಿ ಬೇಡವೆಂದುದು ಏಕೆಂದು ಇಂತಹ ಸಂದರ್ಭದಲ್ಲಿ ಮನವರಿಕೆಯಾಗುತ್ತದೆ.

ಪರಿಣಾಮ ಒಬ್ಬನಿಗೇ ನಿಲ್ಲಲಿಲ್ಲ. 2022ರ ಅಕ್ಟೋಬರ್‌ನಲ್ಲಿ ಅರಿಜೋನಾದಲ್ಲಿ ಕೆಲವರು ಮುಖ ಮುಚ್ಚಿಕೊಂಡು, ಆಯುಧ ಧರಿಸಿ, ಡ್ರಾಪ್ ಬಾಕ್ಸ್‌ಗಳ ಬಳಿ ‘ಕಾವಲು’ ನಿಂತರು. ಹೇಸರಗತ್ತೆಗಳನ್ನು ಹಿಡಿಯುವುದು ಅವರ ಉದ್ದೇಶ. ಮತ ಹಾಕಲು ಬಂದವರ, ಅವರ ವಾಹನಗಳ ಚಿತ್ರ ತೆಗೆದರು. ಕೊನೆಗೆ ಫೆಡರಲ್ ನ್ಯಾಯಾಲಯ ನವೆಂಬರ್ 1ರಂದು ನಿರ್ಬಂಧ ಹೇರಬೇಕಾಯಿತು. ನಮ್ಮ ಸಮಾಜದವರು ಅನೇಕರು ಅಮೆರಿಕದಲ್ಲಿ ನೆಲೆಸಿ ಅಲ್ಲಿನ ಪೌರತ್ವ ಪಡೆದಿದ್ದಾರೆ. ವೃದ್ಧ ತಂದೆತಾಯಿಗಳ ಲಕೋಟೆಯನ್ನು ಪೆಟ್ಟಿಗೆಗೆ ಹಾಕಲು ಹೋಗುವ ಮಗನೋ ಮಗಳೋ ಅವರಲ್ಲಿಯೂ ಇದ್ದಾರು.

ಐದು ಲಕೋಟೆಗಳ ಆ ಗೃಹಸ್ಥ ಸುಮ್ಮನೆ ಕೂರದೆ 2022ರ ಅಕ್ಟೋಬರ್‌ನಲ್ಲಿ ದಾವೆ ಹೂಡಿದ. 2024ರ ಮೇ ತಿಂಗಳಿನಲ್ಲಿ ವಿತರಕರಾದ ಸೇಲಂ ಮೀಡಿಯಾ ಗ್ರೂಪ್ ಆತನ ಕ್ಷಮೆ ಯಾಚಿಸಿ, ಚಿತ್ರವನ್ನೂ ಅದೇ ಹೆಸರಿನ ಪುಸ್ತಕವನ್ನೂ ಮಾರಾಟದಿಂದ ಹಿಂತೆಗೆದುಕೊಂಡಿತು. ಆ ವರ್ಷ ಮುಗಿಯುವ ಹೊತ್ತಿಗೆ ನಿರ್ದೇಶಕರೂ ಕ್ಷಮೆ ಕೇಳಿದರು. ಕ್ಯಾಮೆರಾ ದೃಶ್ಯಗಳಿಗೂ ಫೋನ್ ಮಾಹಿತಿಗೂ ತಾಳೆಯಾಗಿರಲಿಕ್ಕಿಲ್ಲ, ತಮಗೆ ಸಿಕ್ಕ ವಿವರ ಸರಿಯಿರಲಿಲ್ಲ ಎಂದು ಬರೆದರು. ಅಂದರೆ ಚಿತ್ರದ ಎರಡು ಕಂಬಗಳ ನಡುವೆ ತೊಲೆಯೇ ಇರಲಿಲ್ಲವೆಂದಾಯಿತು. ಅದೇ ಹೇಳಿಕೆಯಲ್ಲಿ, ಚಿತ್ರದ ಮೂಲ ವಾದ ಮಾತ್ರ ಈಗಲೂ ನಿಜವೇ ಎಂದೂ ಸೇರಿಸಿದರು. ಆ ವೇಳೆಗೆ ಚಿತ್ರ ಬಂದು ಎರಡೂವರೆ ವರ್ಷ ಕಳೆದಿತ್ತು, ಮತ್ತೊಂದು ಅಧ್ಯಕ್ಷೀಯ ಚುನಾವಣೆಯೂ ಮುಗಿದಿತ್ತು.